ಪ್ರೈವೇಟಾಗಿ ಪಾಸಾದ ಪತ್ತೇದಾರ

ಮೊನ್ನೆ ಭದ್ರಾವತಿಯಲ್ಲಿ ನನ್ನನ್ನು ಬಟ್ಟೆ ಒಣಹಾಕುವ ಹಗ್ಗದಿಂದ ಕರೆಂಟ್ ಕಂಬಕ್ಕೆ ಕಟ್ಟಿದ್ದರು. ಪಕ್ಕದಲ್ಲಿ ಇನ್ನೊಬ್ಬರನ್ನೂ ಕಟ್ಟಿದ್ದರು. ಅವರ ಹತ್ತಿರ ಸರ್ಟಿಫಿಕೇಟ್ ಇತ್ತು, ನನ್ನ ಹತ್ತಿರ ಇರಲಿಲ್ಲ. ಹಗ್ಗ ಮಾತ್ರ ಇಬ್ಬರಿಗೂ ಒಂದೇ.

ನಗಬೇಡಿ. ನಿನ್ನೆ ಹೋಟೆಲಿನಲ್ಲಿ ಮಾಣಿ ಒಂದು ಚಮಚ ಕೆಡವಿದ. ಆ ಸದ್ದಿಗೆ ನಾನು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮೇಜಿನ ಕೆಳಗೆ ಬಗ್ಗಿದೆ. (ಕಾಫಿ ಪಂಚೆಯ ಮೇಲೆ, ಬಿ.ಎ. ಪದವಿ ಮೇಜಿನ ಕೆಳಗೆ.)

ಆದದ್ದು ಇಷ್ಟು. ನನ್ನ ಚಿಕ್ಕಪ್ಪನಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ. ಅವರ ಮಗಳು ಗಿರಿಜಳನ್ನು ನೋಡಲು ಭದ್ರಾವತಿಯಿಂದ ಗಂಡು ಬಂದಿದ್ದ. ಹೆಸರು ಮಹಾದೇವ, ಕಬ್ಬಿಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಕ್ವಾರ್ಟರ್ಸಿನಲ್ಲಿ ಒಬ್ಬನೇ ವಾಸ. ಗಿರಿಜಳಿಗೆ ಮನಸ್ಸಾಗಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ದಿನದಿಂದ ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅಂಗಡಿಗೆ ಬಂದು ಚಿಕ್ಕಪ್ಪನ ಕಿವಿ ಊದಿದರು. "ಒಬ್ಬನೇ ಇದಾನೆ ಅಂತ ನಿಮಗೆ ಹೇಳಿದ್ದು ಯಾರು?"

ಚಿಕ್ಕಪ್ಪ ಪತ್ತೇದಾರರನ್ನು ಗೊತ್ತುಮಾಡಿದರು. ವರದಿಯಲ್ಲಿ ಒಂದು ಕಪ್ಪು ಚುಕ್ಕೆ ಇದ್ದರೂ ಸಂಬಂಧ ಬೇಡ ಎಂದರು.

ಪತ್ತೇದಾರರು ಪರಮೇಶಣ್ಣ. ಮೊದಲು ಟೆಂಟ್ ಸಿನಿಮಾದ ಗೇಟಿನಲ್ಲಿದ್ದವರು. ಟಿಕೆಟ್ ಇಲ್ಲದೆ ನುಸುಳುವವರ ಕಾಲರ್ ಹಿಡಿದು ಎಳೆದ ಅನುಭವ ಬೇಕಾದಷ್ಟಿತ್ತು. ಬೊಂಬಾಯಿಯ ಯಾವುದೋ ಸಂಸ್ಥೆಯಿಂದ ಅಂಚೆಯಲ್ಲಿ ಪಾಠ ತರಿಸಿ, ಪರೀಕ್ಷೆಯ ಉತ್ತರವನ್ನೂ ಅಂಚೆಯಲ್ಲೇ ಕಳಿಸಿ, ಪತ್ತೇದಾರರಾದರು. (ಮನೆಯಲ್ಲಿ ಕೂತು ಪುಸ್ತಕ ತೆರೆದಿಟ್ಟುಕೊಂಡು ಬರೆದ ಪರೀಕ್ಷೆ. ಕಾಪಿ ಹೊಡೆದದ್ದನ್ನು ಪತ್ತೆಮಾಡಲಾಗದ ಸಂಸ್ಥೆ ಪತ್ತೇದಾರಿಕೆ ಕಲಿಸುತ್ತದೆ.) ಸರ್ಟಿಫಿಕೇಟಿಗೆ ಬಂಗಾರದ ಬಣ್ಣದ ಸೀಲು. ಅದಕ್ಕೆ ಗಾಜಿನ ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲಿ ನೇತುಹಾಕಿ, ದಿನವೂ ವಿಭೂತಿ ಹಚ್ಚುತ್ತಿದ್ದರು.

ಅವರನ್ನು ಆಡಿಕೊಳ್ಳುವ ಮುಂಚೆ ನಿಮ್ಮ ಟ್ರಂಕು ತೆಗೆದು ನೋಡಿ. ನಾನು ಸತ್ಯವಂತ, ಸನ್ನಡತೆಯವನು ಎಂದು ಬರೆದುಕೊಟ್ಟ ಗೆಜೆಟೆಡ್ ಅಧಿಕಾರಿ ನನ್ನ ಮುಖ ನೋಡಿದ್ದು ಸಹಿ ಹಾಕಿದ ಮೇಲೆ. ನಿಮ್ಮ ಸನ್ನಡತೆಯ ಕಥೆ ಇದಕ್ಕಿಂತ ಬೇರೆಯೇ?

ಹೊರಡುವ ದಿನ ಗಿರಿಜ ಮೆಲ್ಲಗೆ ಹೇಳಿದಳು. "ಅಣ್ಣ, ನೀನೂ ಜೊತೆಗೆ ಹೋಗು. ಅವರೊಬ್ಬರನ್ನೇ ಕಳಿಸಿದ್ರೆ ಏನು ಮಾಡ್ಕೊಂಡು ಬರ್ತಾರೋ."

ಹೋದೆ. ಪರಮೇಶಣ್ಣನ ಕೈಚೀಲದಲ್ಲಿ ಸರ್ಟಿಫಿಕೇಟು, ಗಾಜಿನ ಕಟ್ಟಿನ ಸಮೇತ. ಕಟ್ಟು ಹಾಕಿದವನು ಮೊಳೆ ಬಿಗಿಯಾಗಿ ಹೊಡೆದಿದ್ದನಂತೆ, ಬಿಚ್ಚಲು ಬರಲಿಲ್ಲವಂತೆ.

ಮಹಾದೇವ ಕೆಲಸಕ್ಕೆ ಹೋಗಿದ್ದ ಹೊತ್ತು. ನಾವು ಕ್ವಾರ್ಟರ್ಸಿನ ಹಿತ್ತಲಿಗೆ ಹೋಗಿ ನಿಂತೆವು. ಪರಮೇಶಣ್ಣ ಬಟ್ಟೆಯ ಹಗ್ಗ ತೋರಿಸಿದರು. "ಮನುಷ್ಯ ಸುಳ್ಳು ಹೇಳ್ತಾನೆ ಮಾರಾಯ, ಬಟ್ಟೆ ಹೇಳಲ್ಲ. ಆರನೇ ಪಾಠ."

ಹಗ್ಗದ ಮೇಲೆ ಖಾಕಿ ಪ್ಯಾಂಟು, ಬನಿಯನ್ನು. ಅವುಗಳ ನಡುವೆ ಒಂದು ನೇರಳೆ ಬಣ್ಣದ ಸೀರೆ.

ಗಿರಿಜಳಿಗೆ ಏನು ಹೇಳಲಿ?

ಪರಮೇಶಣ್ಣ ಸೆರಗು ಹಿಡಿದು ಹಿಂಡಿ ನೋಡಿದರು, ಮೂಸಿದರು. "ಹಸಿ ಇದೆ. ಇವತ್ತೇ ಒಗೆದಿದ್ದು. ಕೇಸ್ ಮುಗೀತು."

ಪಕ್ಕದ ಮನೆಯಿಂದ ಒಬ್ಬ ಹೆಂಗಸು ಕೊಡ ಹಿಡಿದು ಹೊರಗೆ ಬಂದಳು. ಸೀರೆಯನ್ನು ಮೂಸುತ್ತಿರುವ ಗಂಡಸನ್ನು ಕಂಡಳು. "ತಿರುಡನ್, ತಿರುಡನ್" ಎಂದು ಕೂಗಿಕೊಂಡಳು. ನನಗೆ ತಮಿಳು ಬರುವುದಿಲ್ಲ. ಆದರೂ ಕಳ್ಳ ಎಂದದ್ದು ತಕ್ಷಣ ಅರ್ಥವಾಯಿತು.

ನಮ್ಮ ಗ್ರಹಚಾರಕ್ಕೆ ಅದೇ ಹೊತ್ತಿಗೆ ಸೈರನ್ ಕೂಗಿತು. ಪಾಳಿ ಬಿಟ್ಟಿತು. ಸೈಕಲ್ಲುಗಳ ಹೊಳೆಯೇ ಹರಿದು ಬಂತು. ಆ ಹಗ್ಗವನ್ನೇ ಬಿಚ್ಚಿ ನಮ್ಮನ್ನು ಕಂಬಕ್ಕೆ ಬಿಗಿದರು. ಒಬ್ಬ ಹಾರೆ ತಂದ. "ನನ್ ಹೆಂಡ್ತಿ ಸೀರೆ ಹೋಗಿದ್ದೂ ಹಿಂಗೇ" ಎಂದವನೇ ಎತ್ತಿ ಬೀಸಿದ. ಅದು ನನ್ನ ಕಿವಿಯ ಪಕ್ಕದಲ್ಲೇ ಕಂಬಕ್ಕೆ ಬಡಿಯಿತು. ಭದ್ರಾವತಿಯ ಹಾರೆ, ಭದ್ರಾವತಿಯ ಕಂಬ. ಆ ಠಣ್ ಎಂಬ ಸದ್ದು ಇನ್ನೂ ನಿಂತಿಲ್ಲ. ರಾತ್ರಿ ಮಗ್ಗುಲು ಬದಲಿಸಿದರೆ ಆ ಕಿವಿಯಿಂದ ಈ ಕಿವಿಗೆ ಬರುತ್ತದೆ.

"ನಾನು ಡಿಟೆಕ್ಟಿವ್" ಎಂದು ಪರಮೇಶಣ್ಣ ಅರಚಿದರು. "ಸರ್ಟಿಫಿಕೇಟ್ ಇದೆ, ಚೀಲ ನೋಡಿ."

ಚೀಲದಿಂದ ವಿಭೂತಿ ಹಚ್ಚಿದ ಪಟ ಹೊರಗೆ ಬಂತು. "ದೇವ್ರ ಫೋಟೋನೂ ಬಿಟ್ಟಿಲ್ವಲ್ಲೋ ನೀವು" ಎಂದು ಹಾರೆಯವನು ಮತ್ತೆ ಎತ್ತಿದ.

ಕನ್ನಡಕದವನೊಬ್ಬ ತಡೆದು, ಪಟವನ್ನು ಕಣ್ಣಿನ ಹತ್ತಿರ ಹಿಡಿದು ಓದತೊಡಗಿದ. "ಪ್ರೈ... ವೇಟ್..." ಅಲ್ಲಿಗೆ ನಿಲ್ಲಿಸಿ ತಲೆಯೆತ್ತಿದ. "ಪ್ರೈವೇಟಾ?"

"ಹೌದು, ಪ್ರೈವೇಟ್." ಕಂಬಕ್ಕೆ ಕಟ್ಟಿದ್ದರೂ ಪರಮೇಶಣ್ಣನ ಕತ್ತು ನೆಟ್ಟಗಾಯಿತು.

"ಅಂದ್ರೆ ರೆಗ್ಯುಲರಲ್ಲಿ ಫೇಲಾಗಿತ್ತಾ?"

ತಪ್ಪು ಅವನದಲ್ಲ. ನಮ್ಮ ಕಡೆ ಪ್ರೈವೇಟ್ ಎಂದರೆ ಇನ್ನೇನು? ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ, ಮನೆಯಲ್ಲಿ ಓದಿ, ಮತ್ತೆ ಫೀಸು ಕಟ್ಟಿ ಕೂರುವುದು.

ಹಾರೆ ಹಾಗೇ ಗಾಳಿಯಲ್ಲಿ ನಿಂತಿತು. "ನನ್ ಭಾಮೈದನೂ ಪ್ರೈವೇಟೇ ಕಣಯ್ಯ. ಕಟ್ಟಿದಾಗೆಲ್ಲ ಲೆಕ್ಕದಲ್ಲಿ ಹೋಗುತ್ತೆ. ನಿಂದು ಯಾವುದ್ರಲ್ಲಿ ಹೋಗಿತ್ತು?"

ಪರಮೇಶಣ್ಣ ತಮ್ಮ ವೃತ್ತಿಜೀವನದ ಏಕೈಕ ಜಾಣತನ ತೋರಿಸಿದರು. "ಲೆಕ್ಕದಲ್ಲೇ."

ಗುಂಪು ಗೊಳ್ಳೆಂದಿತು. ಹಾರೆ ಕೆಳಗಿಳಿಯಿತು. ಮನುಷ್ಯ ಪಾಸಾದದ್ದನ್ನು ಯಾರೂ ನಂಬುವುದಿಲ್ಲ, ಫೇಲಾದದ್ದನ್ನು ಥಟ್ಟನೆ ನಂಬುತ್ತಾರೆ.

ಆಗ ಸೈಕಲ್ ತಳ್ಳಿಕೊಂಡು ಮಹಾದೇವ ಬಂದ. ಮುಖವೆಲ್ಲ ಮಸಿ. ನನ್ನನ್ನು ನೋಡಿದ, ಗುರುತಿಸಿದ. (ಹೆಣ್ಣು ನೋಡಲು ಬಂದಾಗ ಅವನಿಗೆ ಉಪ್ಪಿಟ್ಟು ಕೊಟ್ಟವನು ನಾನೇ.) ಒಂದು ಪ್ರಶ್ನೆಯನ್ನೂ ಕೇಳದೆ ಗಂಟಿಗೆ ಕೈ ಹಾಕಿದ. ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದ. ಆಮೇಲೆ "ಅಕ್ಕ, ಸೀರೆ ಯಾರದು?" ಎಂದು ಆ ಹೆಂಗಸನ್ನು ಕೇಳಿದ.

"ನಂದೇ ತಂಬಿ. ನಿನ್ ಹಗ್ಗ, ನನ್ ಸೀರೆ. ದಿನಾ ಹಂಗೇ ಅಲ್ವಾ?"

ಅವನಿಗೆ ಎಲ್ಲವೂ ಹೊಳೆಯಿತು. ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

ಮನೆಗೆ ಬಂದು ಎಲ್ಲ ಒಪ್ಪಿಸಿದೆ. ಚಿಕ್ಕಪ್ಪ ಸೀರೆಯನ್ನು ಕ್ಷಮಿಸಿದರು, ನಗುವನ್ನು ಕ್ಷಮಿಸಲಿಲ್ಲ. "ನಮ್ಮವರನ್ನ ಕಂಬಕ್ಕೆ ಕಟ್ಟಿದಾಗ ಹಲ್ಲು ಕಿಸಿಯೋನಿಗೆ ಹೆಣ್ಣು ಕೊಡಬೇಕಾ?" ಪರಮೇಶಣ್ಣ ಗಲಾಟೆಯಲ್ಲಿ ಒಡೆದುಹೋದ ಸರ್ಟಿಫಿಕೇಟಿನ ಗಾಜು ಸವರುತ್ತಾ ತಲೆಯಾಡಿಸಿದರು. ಸಂಬಂಧ ಮುರಿದುಬೀಳುವುದು ಖಾತ್ರಿಯಾಯಿತು.

ಬಾಗಿಲ ಸಂದಿಯಿಂದ ಗಿರಿಜ ಕೇಳಿದಳು. "ಅಣ್ಣ, ಅವರು ಮೊದ್ಲು ನಕ್ಕರಾ, ಮೊದ್ಲು ಹಗ್ಗ ಬಿಚ್ಚಿದ್ರಾ?"

"ಮೊದಲು ಬಿಚ್ಚಿದ. ಆಮೇಲೆ ನಕ್ಕ."

"ಹಾಗಾದ್ರೆ ಸಾಕು. ಅಪ್ಪ, ನಂಗೆ ಒಪ್ಪಿಗೆ."

ಚಿಕ್ಕಪ್ಪ ಪತ್ತೇದಾರರ ಮುಖ ನೋಡಿದರು. ಆರನೇ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲವಂತೆ. ಮುಂದಿನ ವಾರ ಲಗ್ನಪತ್ರಿಕೆ ಬರೆಯುತ್ತಾರೆ.

ಅಂದ ಹಾಗೆ, ನಮ್ಮ ಗಿರಿಜ ಎಸ್ಸೆಸ್ಸೆಲ್ಸಿ ಪಾಸು. ಪ್ರೈವೇಟಾಗಿ.