ಕಫೀಲನ ಹಳ್ಳಿ ಹುಡುಕಿದ ಭಾವ

ಭಾವನ ಎರಡು ಕೈಗೆ ಎರಡು ಬಣ್ಣ. ಬಲಗೈ ಊರಿನಿಂದ ತಂದ ಗೋಧಿಬಣ್ಣದ್ದು. ಎಡಗೈ ಮಾತ್ರ ಮೊಣಕೈಯಿಂದ ಕೆಳಗೆ ದೋಸೆಕಲ್ಲಿನಷ್ಟು ಕಪ್ಪು. ಕತಾರಿನಲ್ಲಿ ಸ್ಟೀರಿಂಗ್ ಇರುವುದು ಎಡಕ್ಕೆ. ಎ.ಸಿ. ಕೆಟ್ಟ ಹಳೆಯ ಬಿಳಿ ಕಾರಿನ ಕಿಟಕಿಗೆ ಆ ಕೈ ಆನಿಸಿಕೊಂಡು ಪ್ರತಿ ಶುಕ್ರವಾರ ಮರಳುಗಾಡು ಸುತ್ತುತ್ತಿದ್ದ ಮನುಷ್ಯನ ಕೈ ಬೇರೆ ಹೇಗಿರಬೇಕು?

ನನಗೆ ಅವರು ಭಾವನಲ್ಲ. ಮುಐದರ್ ಎಂಬ ಬಡಾವಣೆಯಲ್ಲಿ ನಾವು ಏಳೆಂಟು ಜನ ಹಂಚಿಕೊಂಡಿದ್ದ ವಿಲ್ಲಾದಲ್ಲಿ ಮೊದಲು ಅವರ ಹೆಂಡತಿಯ ತಮ್ಮನಿದ್ದ. ಅವನು ಕರೆದ ಹಾಗೆ ಎಲ್ಲರೂ ಕರೆದರು. ಅವನು ಊರು ಸೇರಿದ ಮೇಲೂ ಇವರು ಭಾವನಾಗಿಯೇ ಉಳಿದರು, ಪಕ್ಕದ ಕೋಣೆಯ ಮಲಯಾಳಿಗಳಿಗೂ ಕೂಡ. ಉಡುಪಿ ಕಡೆಯವರು, ಮನೆಮಾತು ತುಳು, ಕಟ್ಟಡ ಸಾಮಾನಿನ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ನಾನು ಮೈಸೂರಿನವನು, ಆಫೀಸು ಕೆಲಸದವನು. ಎರಡು ಸಾವಿರದ ನಾಲ್ಕು-ಐದರ ಸುಮಾರಿನ ಮಾತು ಇದು.

ಶುಕ್ರವಾರ ಬಂತೆಂದರೆ ನಮ್ಮವರೆಲ್ಲ ಅಲ್ ಮನ್ಸೂರಾದ ಹೋಟೆಲಿನಲ್ಲಿ ಮಸಾಲೆದೋಸೆ ತಿಂದು, ಮಾಲ್‌ಗೆ ಹೋಗಿ, ಏನೂ ಕೊಳ್ಳದೆ ತಣ್ಣಗಾಗಿ ಬರುತ್ತಿದ್ದರು. ಭಾವ ಮಾತ್ರ ಸ್ಟೀಲ್ ಕ್ಯಾರಿಯರಿಗೆ ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ ತುಂಬಿ, ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ಹಾಕಿಕೊಂಡು ಉತ್ತರಕ್ಕೆ ಹೊರಡುವರು.

"ಬರ್ತೀಯಾ ಮಾರಾಯ? ಮುರಿದ ಮನೆ ನೋಡ್ಲಿಕ್ಕೆ ಉಂಟು."

"ಮುರಿದ ಮನೆ ನೋಡೋಕೆ ಪೆಟ್ರೋಲ್ ಬೇರೆ ದಂಡ. ಅಲ್ಲೇನಿದೆ ಭಾವ?"

"ಹೋಗದೆ ಗೊತ್ತಾಗುದಿಲ್ಲ." ಎಲ್ಲದಕ್ಕೂ ಅವರದು ಇದೊಂದೇ ಉತ್ತರ.

ಹೋದೆ. ಆ ದೇಶದಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ಹೇಳುವವರ ಬಾಯಿಗೆ ಮಣ್ಣು ಹಾಕಬೇಕು. ಉತ್ತರ ತುದಿಯ ರುವೈಸ್ ದಾಟಿ ಪಶ್ಚಿಮಕ್ಕೆ ತಿರುಗಿದರೆ ಕಡಲಂಚಿನಲ್ಲಿ ಜನ ಬಿಟ್ಟುಹೋದ ಮೀನುಗಾರರ ಹಳ್ಳಿಗಳು. ಹವಳದ ಕಲ್ಲು, ಮಣ್ಣು ಸೇರಿಸಿ ಕಟ್ಟಿದ ಗೋಡೆಗಳು. ಸೂರಿಲ್ಲದ ಕೋಣೆಯಲ್ಲಿ ದೀಪ ಇಡುತ್ತಿದ್ದ ಗೂಡು ಹಾಗೇ ಇದೆ. ಮನೆಗಳೆಲ್ಲ ಬಿದ್ದರೂ ಮಸೀದಿಯ ಗೋಪುರ ಮಾತ್ರ ನಿಂತಿದೆ. ಇಳಿತದ ಹೊತ್ತಿಗೆ ನೀರು ಎಲ್ಲೋ ದೂರ ಹೋಗಿ, ಒದ್ದೆ ಮರಳಿನ ತುಂಬ ಏಡಿ ತೂತುಗಳು. ಭಾವ ಪ್ಯಾಂಟು ಮಡಿಚಿ ಅದರಲ್ಲಿ ನಡೆಯುತ್ತ ಮಲ್ಪೆಯಲ್ಲಿರುವವರಂತೆ ಖುಷಿಪಡುತ್ತಿದ್ದರು. ಅಲ್ಲಿಗೆ ಅರಬ ಮುದುಕರು ಯಾರಾದರೂ ಬಂದಿದ್ದರೆ ಮಾತ್ರ ಭಾವನ ಚಹರೆಯೇ ಬದಲಾಗುತ್ತಿತ್ತು. ಸಲಾಂ ಹೇಳಿ, ಅವರು ಕೊಟ್ಟ ಗಾವಾ ಕಾಫಿ ಕುಡಿದು, ಇದು ಯಾವ ಮನೆತನದ ಹಳ್ಳಿ ಎಂದು ಹರಕು ಅರಬ್ಬಿಯಲ್ಲಿ ಕೇಳುವರು. ಉತ್ತರ ಕೇಳಿದ ಮೇಲೆ ಮುಖ ಸಪ್ಪೆ.

ಒಂದು ಸಲ ಜಸ್ಸಾಸಿಯಾದ ಬಂಡೆಗಳಿಗೆ ಹೋದೆವು. ಯಾವ ಕಾಲದವರೋ ಕೆತ್ತಿದ ದೋಣಿಗಳ ನಡುವೆ ಎರಡು ಸಾಲು ಪುಟ್ಟ ಕುಳಿಗಳು. ಭಾವ ಚಪ್ಪಲಿ ಬಿಟ್ಟು ಕುಕ್ಕರಗಾಲಿನಲ್ಲಿ ಕೂತರು.

"ಅಯ್ಯೋ, ಇದು ಚೆನ್ನೆಮಣೆ ಅಲ್ವಾ! ಸಾಲಿಗೆ ಏಳು. ನೋಡು, ಲೆಕ್ಕ ಕೂಡ ಸರಿ ಉಂಟು."

ಸಣ್ಣ ಕಲ್ಲುಗಳನ್ನು ಆರಿಸಿ ತಂದು ಕುಳಿಗಳಿಗೆ ತುಂಬಿ ಆಡತೊಡಗಿದರು. ನನ್ನನ್ನು ಕರೆಯಲಿಲ್ಲ. ತಮ್ಮ ಆಟ ಮುಗಿಸಿ, ಆಚೆ ಬದಿಗೆ ಹೋಗಿ ಕೂತು, ಎದುರಿನವರ ಆಟವನ್ನೂ ತಾವೇ ಆಡಿದರು. ಎದುರಿನವರೇ ಗೆದ್ದರು.

"ಅಮ್ಮನ ಹತ್ರ ನಾನು ಒಮ್ಮೆಯೂ ಗೆದ್ದದ್ದಿಲ್ಲ" ಎಂದವರು ಅಲ್ಲೇ ಕೂತು ಎಲ್ಲವನ್ನೂ ಹೇಳಿದರು.

ಊರಿಗೆ ಹೋಗಿ ಎರಡು ವರ್ಷ ದಾಟಿತ್ತು. ಅಮ್ಮ ಹಾಸಿಗೆ ಹಿಡಿದಿದ್ದರು. ಆಗ ಅಲ್ಲಿ ಎಕ್ಸಿಟ್ ಪರ್ಮಿಟ್ ಎಂಬ ಶನಿ ಇತ್ತು. ನಮ್ಮನ್ನು ಕೆಲಸಕ್ಕೆ ಕರೆಸಿದ ಕಫೀಲ್ ಸಹಿ ಹಾಕದಿದ್ದರೆ ವಿಮಾನ ಹತ್ತುವಂತಿಲ್ಲ. ಭಾವನ ಕಫೀಲ್ ಆಫೀಸಿಗೆ ಬರುವವನಲ್ಲ. ಅವನ ಹತ್ತಿರ ಹೋಗುತ್ತಿದ್ದುದು ಮ್ಯಾನೇಜರ್ ಒಬ್ಬನೇ. ಈ ಮ್ಯಾನೇಜರ್ ನಮ್ಮವನೇ, ಭಾವನ ಪಕ್ಕದ ಊರಿನವನು, ಅವರಿಗೆ ವೀಸಾ ಕೊಡಿಸಿದವನು. ಕೇಳಿದಾಗಲೆಲ್ಲ, "ನಾನು ಕಾಗದ ಇಟ್ಟೆ ಮಾರಾಯ್ರೇ, ಅರಬ ಸೈನ್ ಹಾಕುದಿಲ್ಲ. ಅವನಿಗೆ ತಲೆ ಸರಿ ಇಲ್ಲ" ಎನ್ನುತ್ತಿದ್ದ. ಒಮ್ಮೆ ಭಾವ ಕಫೀಲನ ಬಂಗಲೆಗೇ ಹೋಗಿದ್ದರು. ಗೇಟಿನವನು ಒಳಗೆ ಬಿಡಲಿಲ್ಲ. ಮರುದಿನ ಮ್ಯಾನೇಜರ್ ಕರೆದು, ಇನ್ನೊಮ್ಮೆ ಹೋದರೆ ಕೆಲಸವೂ ಇಲ್ಲ ಎಂದ.

"ಆ ಅರಬ ಶುಕ್ರವಾರ ಅವನ ಅಪ್ಪನ ಹಳ್ಳಿಗೆ ಹೋಗ್ತಾನಂತೆ. ಯಾವ ಹಳ್ಳಿ ಅಂತ ಯಾರಿಗೂ ಗೊತ್ತಿಲ್ಲ. ಅಲ್ಲಿ ಗೇಟ್ ಇಲ್ಲ ಅಲ್ವಾ? ಎದುರು ಸಿಕ್ಕಿದ್ರೆ ಕಾಲಿಗೆ ಬೀಳುದು ಅಂತ ಹುಡುಕ್ತಾ ಇದ್ದೇನೆ."

ಹಳೇ ಗೋಡೆಗಳ ಹುಚ್ಚು ಎಂದು ವಿಲ್ಲಾದವರೆಲ್ಲ ನಗುತ್ತಿದ್ದುದು ಇದಕ್ಕೆ!

ಅಂದಿನಿಂದ ನಾನೂ ಹುಡುಕಲು ಸೇರಿಕೊಂಡೆ. ಸುತ್ತಿ ಬಂದು ಭಾವ ಫೋನ್ ಕಾರ್ಡು ಗೀರಿ ಊರಿಗೆ ಫೋನ್ ಮಾಡುವರು. ಆ ಕಡೆಯಿಂದ ಕೇಳಿಬರುತ್ತಿದ್ದುದು ಒಂದೇ ಮಾತು: "ಏಪ ಬರ್ಪ ಮಗಾ?" ಯಾವಾಗ ಬರುತ್ತೀಯ ಎಂಬ ಆ ತುಳು ಮಾತು ನನಗೂ ಬಾಯಿಪಾಠವಾಗಿತ್ತು. ಫೋನ್ ಇಟ್ಟು, ಗೋಡೆಯ ಮೇಲಿನ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ನಮಗೆಲ್ಲ ಕೇಳುವಂತೆ ಶಾಪ ಹಾಕುವರು: "ನನ್ನನ್ನು ತಡೆದವನಿಗೆ ಸಾಯುವ ಅಮ್ಮನ ಮುಖ ನೋಡ್ಲಿಕ್ಕೆ ಸಿಗದಿರಲಿ. ಆ ಅರಬನಿಗೆ ಸಿಗದಿರಲಿ." ಇಷ್ಟು ಮೆತ್ತಗಿನ ಮನುಷ್ಯನ ಬಾಯಲ್ಲಿ ಆ ಮಾತು ಕೇಳಲು ಭಯವಾಗುತ್ತಿತ್ತು.

ಅಮ್ಮ ಹೋಗಿಬಿಟ್ಟರು. ಮ್ಯಾನೇಜರ್ ಬಾಳೆಹಣ್ಣು ಹಿಡಿದುಕೊಂಡು ವಿಲ್ಲಾಕ್ಕೆ ಬಂದು ಕಣ್ಣೊರೆಸಿಕೊಂಡ. "ಎಷ್ಟು ಕೈಮುಗಿದೆ! ಕಾಗದ ಮುಖಕ್ಕೇ ಬಿಸಾಡಿದ" ಎಂದ. ನಾವೆಲ್ಲ ಸೇರಿ ಅರಬನ ಏಳು ತಲೆಮಾರನ್ನು ಬೈದೆವು. ಮ್ಯಾನೇಜರಿಗೆ ಚಹಾ ಮಾಡಿಕೊಟ್ಟೆವು.

ಊರಲ್ಲಿ ಅವರ ತಮ್ಮನೇ ಬೊಜ್ಜ ಮಾಡಿದ. ಉತ್ತರಕ್ರಿಯೆಗೆ ಹಿರಿಮಗನಿಲ್ಲ. ಆ ಶುಕ್ರವಾರ ಭಾವ ಅಲ್ ಮನ್ಸೂರಾದ ಅಂಗಡಿಯಿಂದ ಬಾಳೆಲೆ ತಂದು, ಅನ್ನ, ಅವರ ಊರ ಕಡೆಯ ಅಡುಗೆ ಕಡಲೆ ಬಲ್ಯಾರು ಮಾಡಿ ಕಟ್ಟಿಕೊಂಡರು. ಉತ್ತರದಲ್ಲಿ ನಾವಿನ್ನೂ ನೋಡದ ಹಳ್ಳಿಯೊಂದು ಉಳಿದಿತ್ತು. ಅಲ್ಲಿಯ ಕಡಲಿನಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ದಡದ ಮೇಲೆ ಎಲೆ ಇಟ್ಟು, ಕಾಗೆ ಮುಟ್ಟಲೆಂದು ಕಾದು ಕೂತರು. ಕಾಗೆ ಎಲ್ಲಿಂದ ಬರಬೇಕು? ಆ ತೀರದಲ್ಲಿ ನಾನು ಒಂದು ಕಾಗೆಯನ್ನೂ ಕಂಡವನಲ್ಲ. ಬಂದದ್ದು ಕಡಲ ಹಕ್ಕಿಗಳು. ಕಿತ್ತಾಡಿಕೊಂಡು ತಿಂದವು.

"ಇದು ಆಗ್ತದಾ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? "ಆಗುತ್ತೆ ಭಾವ" ಎಂದೆ.

ಹಿಂದಿನಿಂದ ಯಾರೋ ಕೆಮ್ಮಿದರು. ಬಿಳಿ ತೋಬು ನಿಲುವಂಗಿ ತೊಟ್ಟ, ಕೋಲೂರಿದ ಮುದುಕ. ಆಚೆ ಗೋಡೆಯ ನೆರಳಿನಲ್ಲಿ ಅವನ ಕಾರು, ಡ್ರೈವರ್. ಈ ಅನ್ನ ಯಾಕೆ ಎಂದು ಕೇಳಿದ. ತಿರುಗಿ ನೋಡಿದ ಭಾವನ ಮುಖ ಬಿಳಿಚಿಕೊಂಡಿತು. ಆಫೀಸಿನ ಗೋಡೆಯ ಮೇಲಿನ ಫೋಟೋದಲ್ಲಿದ್ದವನು ಅವನೇ.

ಅವರಿಬ್ಬರ ಮಾತು ಅರಬ್ಬಿಯಲ್ಲಿ ನಡೆಯಿತು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಅಮ್ಮ ಸತ್ತಳು, ಅವಳಿಗೆ ಊಟ ಇಟ್ಟೆ ಎಂದರು ಭಾವ. ಊರಿಗೆ ಯಾಕೆ ಹೋಗಲಿಲ್ಲ ಎಂದ ಮುದುಕ.

"ನಿಮ್ಮ ಸ್ಟೋರ್‌ಕೀಪರ್ ನಾನು. ನೀವು ಸಹಿ ಹಾಕಲಿಲ್ಲ."

ಮುದುಕ ತಲೆಯಲ್ಲಾಡಿಸಿದ. "ನನ್ನ ಮುಂದೆ ಇಟ್ಟ ಕಾಗದಕ್ಕೆಲ್ಲ ಸಹಿ ಹಾಕುತ್ತೇನೆ. ಓದುವುದೂ ಇಲ್ಲ. ನಿನ್ನದನ್ನು ಯಾರೂ ಇಡಲಿಲ್ಲ." ಆಮೇಲೆ ಕೋಲೆತ್ತಿ ಸೂರಿಲ್ಲದ ಒಂದು ಕೋಣೆ ತೋರಿಸಿದ. "ನನ್ನ ತಾಯಿ ಸತ್ತದ್ದು ಅಲ್ಲಿ. ನಾನು ಎಣ್ಣೆಬಾವಿಯ ಕೆಲಸದಲ್ಲಿದ್ದೆ. ಬಂದು ತಲುಪುವಾಗ ಮಣ್ಣು ಮಾಡಿ ಆಗಿತ್ತು." ನಾಳೆ ಮನೆಯ ಪಡಸಾಲೆಗೆ, ಮಜ್ಲಿಸ್‌ಗೆ ಬಾ ಎಂದು ಹೇಳಿ ಹೋದ.

ಭಾವ ಒದ್ದೆ ಪಂಚೆಯಲ್ಲೇ ಕಾರಿನಲ್ಲಿ ಕೂತರು. ಕೀಲಿ ತಿರುಗಿಸಲಿಲ್ಲ.

"ಶಾಪ ತಪ್ಪು ಮನೆಗೆ ಹೋಯ್ತು ಮಾರಾಯ" ಎಂದರು. "ಅವನು ಅರಬ, ಮ್ಯಾನೇಜರ್ ನಮ್ಮವ ಅಂತ ಲೆಕ್ಕ ಹಾಕಿದೆ. ಎಂತದ್ದು ನಮ್ಮವರು?" ಆಮೇಲೆ ಗಟ್ಟಿಯಾಗಿ ಅತ್ತರು. ಬೊಜ್ಜದ ಅಳು ಅಲ್ಲಿ ಮುಗಿಯಿತು.

ಮುದುಕನನ್ನು ನಾನು ಒಳ್ಳೆಯವನು ಎನ್ನುವುದಿಲ್ಲ. ಇನ್ನೊಬ್ಬರ ಬಾಗಿಲಿನ ಬೀಗದಕೈ ಜೇಬಿನಲ್ಲಿಟ್ಟುಕೊಂಡು ಮರೆತು ಓಡಾಡುವವನು ಎಂಥ ಒಳ್ಳೆಯವನು? ಆದರೆ ಸಹಿ ಹಾಕಿದ. ಮ್ಯಾನೇಜರಿಗೆ ಏನಾಯಿತು ಎಂದು ಕೇಳುವಿರಿ. ಏನೂ ಆಗಲಿಲ್ಲ. ಸ್ಟೋರಿಗೆ ಬೇರೆ ಜನ ಹುಡುಕುವ ತಲೆನೋವು ಬೇಡವೆಂದು, ಹೋದವರು ತಿರುಗಿ ಬರಲಾರರೆಂದು ಕಾಗದವನ್ನು ಮುಂದೆ ಸಾಗಿಸದೆ ಕೂತವನು, "ಮಾಫಿ ಮುಷ್ಕಿಲ್, ತೊಂದರೆ ಏನಿಲ್ಲ, ಸಣ್ಣ ಮಿಸ್‌ಅಂಡರ್‌ಸ್ಟ್ಯಾಂಡಿಂಗ್" ಎಂದು ಕೈ ಕೊಡವಿದ. ಅವನ ಕುರ್ಚಿ ಅಲುಗಲಿಲ್ಲ. ನಮ್ಮವರೇ ಅವನಿಗೆ ಶಾಲು ಹೊದಿಸಿ, ಪೇಟ ಇಟ್ಟು, ಸಮಾಜಸೇವಕ ಎಂದು ವೇದಿಕೆಯಲ್ಲಿ ಕೂರಿಸಿದ್ದನ್ನೂ ಈ ಕಣ್ಣು ನೋಡಿದೆ. ಥೂ!

ಭಾವ ಹೋದವರು ತಿರುಗಿ ಬರಲಿಲ್ಲ. ಯಾವಾಗ ಬರುತ್ತೀಯ ಎಂದು ಕೇಳುವವರಿಲ್ಲದ ಮನೆಗೆ ಹೋಗಿ ಸೇರಿದರು. ನಾಲ್ಕು ವರ್ಷದ ನಂತರ ಎದೆನೋವಿನಿಂದ ತೀರಿಕೊಂಡ ಸುದ್ದಿ ಬಂತು. ಎಡಗೈ ಕೊನೆಯವರೆಗೂ ಕಪ್ಪಾಗಿಯೇ ಇತ್ತು ಎಂದು ಅವರ ಹೆಂಡತಿಯ ತಮ್ಮ ಹೇಳಿದ.

ಅದೇ ವಾರ ಮ್ಯಾನೇಜರ್ ನನಗೆ ಫೋನ್ ಮಾಡಿದ.

"ಛೆ, ಒಳ್ಳೆ ಮನುಷ್ಯ. ಅಮ್ಮನ ಮುಖ ಕೂಡ ನೋಡ್ಲಿಕ್ಕೆ ಸಿಗಲಿಲ್ಲ ಪಾಪ. ನಾನು ಎಷ್ಟು ಹೇಳಿದೆ, ಆ ಅರಬ ಬಿಡ್ಲೇ ಇಲ್ಲ ನೋಡಿ."

ಹೋಗದೆ ಗೊತ್ತಾಗುವುದಿಲ್ಲ ಎಂದು ಭಾವ ಕಲಿಸಿದ್ದರು. ನಾನೂ ಆ ತೀರಕ್ಕೆ ಹೋದವನು, ಆ ಮುದುಕನ ಮಾತನ್ನು ಕಿವಿಯಾರೆ ಕೇಳಿದವನು.

"ಕಾಗದ ಅವನ ಮುಂದೆ ಇಟ್ಟಿದ್ರಾ ಸಾರ್?" ಎಂದೆ.

"ಹಲೋ? ಹಲೋ? ಲೈನ್ ಸರಿ ಇಲ್ಲ" ಎಂದು ಅವನು ಫೋನ್ ಇಟ್ಟ.