ಹಾರುವ ಹುಳ, ಹರಿಯುವ ಹುಳ

“ಹಾರೂ ಹುಳೋ, ಹರಿಯೂ ಹುಳೋ? ಲಗೂನ ಹೇಳೋ!”

ಅಕ್ಕಲಕೋಟೆಯ ಹೆಣ್ಣು ಡಾಕ್ಟರ್, ನಾವೆಲ್ಲ ಬಾಯಾರು ಅನ್ನುವವರು, ಸುಣ್ಣದ ಕಲೆಯ ಹೆಬ್ಬೆರಳಿನಿಂದ ನನ್ನ ಊದಿದ ರೆಪ್ಪೆ ಎತ್ತಿ ಕೇಳಿದರು. ಎಲೆ ಅಡಿಕೆ ಅವರು ಬಿಟ್ಟವರಲ್ಲ. ನನಗೆ ಉಸಿರೇ ಇಲ್ಲ, ಮಾತು ಎಲ್ಲಿಂದ? ತಪ್ಪು ಅಪ್ಪನದು. “ಹುಳ ಮುಟ್ಟೈತ್ರಿ!” ಎಂದು ಕೂಗುತ್ತ ನನ್ನನ್ನು ಹೊತ್ತು ತಂದಿದ್ದ. ನಮ್ಮ ಕಡೆ ಹಾವಿನ ಹೆಸರು ಎತ್ತುವುದಿಲ್ಲ, ಹುಳ ಅಂತಲೇ ಅನ್ನುತ್ತೇವೆ. ಕಂಪೌಂಡರ್ ಹಾವಿನ ಸೂಜಿ ತೆಗೆದಿದ್ದ.

ನಾನು ಕೈಯನ್ನು ರೆಕ್ಕೆಯಂತೆ ಆಡಿಸಿದೆ.

“ಥಾಂಬ!” ಎಂದು ಕಂಪೌಂಡರನನ್ನು ತಡೆದು ಬಾಯಾರು ಬೇರೆ ಸೂಜಿ ಚುಚ್ಚಿದರು. ಉಸಿರು ಬಂತು.

ಕುರಿ ಕಾಯುವುದು ಬಿಟ್ಟರೆ ನನಗೆ ಬೇರೆ ಕೆಲಸ ಬಾರದು. “ಇನ್ನ ಕುರಿ ಹಿಂದ ಹೋಗಬ್ಯಾಡ” ಅಂದ ಅಪ್ಪ. ಕುರಿ ಮೇಯುವಲ್ಲಿ ಜೇನೂ ಇದೆ, ಕಡಜವೂ ಇದೆ. ಗುಂಯ್ ಎಂದು ಹಾರಿದ ಸದ್ದು ಕೇಳಿದ್ದೆ, ಕಚ್ಚಿದ್ದು ಯಾವುದೋ ನೋಡಿರಲಿಲ್ಲ.

“ರಕ್ತ ತಪಾಸ ಮಾಡಿದ್ರ ತಿಳಿತೈತಿ” ಅಂದರು ಬಾಯಾರು. ತೋಳು ಚಾಚಿದೆ.

“ಈಗಲ್ಲೋ. ಈಗ ತಗದ್ರ ರಕ್ತ ಸುಳ್ಳ ಹೇಳಬಹುದು. ಮುಂದಿನ ತಿಂಗಳ ಬಾ.”

“ರಕ್ತಾನೂ ಸುಳ್ಳ ಹೇಳತೈತೇನ್ರಿ ಬಾಯಾರ?”

“ಹೊಡತ ತಿಂದ ಹೊತ್ತಿನಾಗ ಯಾರ ಖರೇ ಹೇಳ್ತಾರಲೇ?”

ಮುಂದಿನ ತಿಂಗಳು ರಕ್ತ ತೆಗೆದರು. ತಮ್ಮ ಚಹಾದ ಥರ್ಮಾಸಿಗೆ ಬರ್ಫದ ಗಡ್ಡೆ ತುಂಬಿ, ರಕ್ತದ ಸೀಸೆ ಅದರಲ್ಲಿಟ್ಟು, ಬಸ್ಸಿನಲ್ಲಿ ತಾವೇ ಸೊಲ್ಲಾಪುರಕ್ಕೆ ಒಯ್ದು ಮುಂಬೈ ರೈಲಿನಲ್ಲಿ ತಪಾಸಣೆಗೆ ಕಳಿಸಿದರು. ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಚಹಾ ಇಲ್ಲದ್ದಕ್ಕೆ ದಾರಿಯುದ್ದಕ್ಕೂ ಬೈದರು.

ಉತ್ತರ ಬಂದ ದಿನ ಅಪ್ಪನನ್ನೂ ಕೂಡಿಸಿಕೊಂಡು ಹೇಳಿದರು: “ಜೇನಿನ ಗುರುತ ಇವನ ರಕ್ತದಾಗಿಲ್ಲ. ಕಡಜದ್ದ ಐತಿ. ಜೇನ ಹೂವಿದ್ದಲ್ಲೆಲ್ಲಾ ಬರತೈತಿ, ಕಡಜದ ಗೂಡ ಕಣ್ಣಿಗೆ ಕಾಣತೈತಿ. ಗಿಡದಾಗ ಗೂಡ ಇಲ್ಲದ್ದ ನೋಡಿ ಕುರಿ ಬಿಡ್ಲಿ. ಹುಡುಗನ್ನ ಮನ್ಯಾಗ ಕಟ್ಟಿ ಹಾಕಬ್ಯಾಡ್ರಿ.”

ಆಮೇಲೆ, ಮತ್ತೆ ಕಚ್ಚಿದರೆ ನಾನೇ ಚುಚ್ಚಿಕೊಳ್ಳಲೆಂದು ಒಂದು ಸೂಜಿ ಕೊಟ್ಟು, ಬದನೆಕಾಯಿಯ ಮೇಲೆ ಚುಚ್ಚುವುದನ್ನು ಕಲಿಸಿದರು. ನಾನು ಸೂಜಿಯನ್ನು ಸಿಪ್ಪೆಗೆ ತಾಗಿಸಿ ಹಿಂದಕ್ಕೆ ತೆಗೆದೆ. “ಬದನಿಕಾಯಿ ಒದರಾಂಗಿಲ್ಲೋ, ಚುಚ್ಚು!” ಅಂದರು. ಸರಿಯಾಗಿ ಚುಚ್ಚುವ ತನಕ ಬಿಡಲಿಲ್ಲ. ಅವತ್ತು ಅವರ ಮನೆಯಲ್ಲಿ ಅದೇ ಬದನೆಕಾಯಿ ಪಲ್ಯ ಆಗಬೇಕಿತ್ತಂತೆ.

ಹೋದ ವರ್ಷ ಬಾಯಾರು ತೀರಿಕೊಂಡರು.

ಮೊನ್ನೆ ಬೇವಿನ ಗಿಡದ ಕೆಳಗೆ ಮತ್ತೆ ಕಡಜ ಕಚ್ಚಿತು. ಗಂಟಲು ಬಿಗಿಯಿತು. ಅವರು ಕೊಟ್ಟಿದ್ದ ಸೂಜಿ ತೊಡೆಗೆ ಚುಚ್ಚಿಕೊಂಡೆ. ಬದನೆಕಾಯಿಗೆ ಚುಚ್ಚಿದ ಹಾಗೆಯೇ. ಅಪ್ಪ ದವಾಖಾನೆಗೆ ಕರೆದೊಯ್ದ. ಹೊಸ ಡಾಕ್ಟರ್ ಏನಾಯಿತು ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಅಂದೆ:

“ಹಾರೂ ಹುಳ ರೀ.”