ಚುಕ್ಕಿಯಾದ ಹೆಸರು

ಊರು, ತಾಲೂಕು, ಜಿಲ್ಲೆ ಯಾವುದೂ ಇಲ್ಲದ ವಿಳಾಸಕ್ಕೆ ಕಾಗದ ಬರುತ್ತದೆ ಎಂದರೆ ನಂಬುತ್ತೀರಾ? ನಂಬದಿದ್ದರೆ ಬಿಡಿ, ನನಗೆ ಬಂದಿದೆ. ನಮ್ಮೂರು ಹಲವಾಗಲಿನ ಹೊಳೆದಂಡೆ ಬಿಟ್ಟು ಪುಣೆಗೆ ಬಂದ ಮೇಲೆ ಮಗಳು ರೇಣುಕಾ ನನ್ನ ಮೊಬೈಲಿನಲ್ಲಿ ಅಂಥದೊಂದು ವಿಳಾಸ ಮಾಡಿಕೊಟ್ಟಳು. ಇಮೇಲ್ ಎನ್ನುತ್ತಾರೆ. ನನ್ನ ಹೆಸರು, ಪಕ್ಕಕ್ಕೆ ಜಿಲೇಬಿ ಸುತ್ತಿದಂಥ ಗುರುತು, ಆಮೇಲೆ ಯಾವುದೋ ಕಂಪನಿಯ ಹೆಸರು. ಅಷ್ಟೇ. ಊರಿನಲ್ಲಾದರೆ ಅಂಚೆಯವನು ಯಾವ ಓಣಿ, ಯಾರ ಮನೆ ಎಂದು ಕೇಳುತ್ತಿದ್ದ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ.

ನಾವು ಬಂದದ್ದು ನನ್ನವರ ಗಂಟಲಿನ ಗಡ್ಡೆಗಾಗಿ. ರೇಣುಕಾ ಇಲ್ಲಿ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಾಳೆ. ಮೂರನೇ ಮಹಡಿಯಲ್ಲಿ ಒಂದೇ ಕೋಣೆ, ಅದಕ್ಕೆ ಖೋಲಿ ಎನ್ನುತ್ತಾರೆ. ಜೋಳದ ರೊಟ್ಟಿಗೆ ಭಾಕರಿ ಎನ್ನುತ್ತಾರೆ. ಹಿಟ್ಟು ಅದೇ, ಆದರೆ ಗಂಟಲಲ್ಲಿ ಇಳಿಯದು ಎಂದು ನನ್ನವರು ತಟ್ಟೆ ಸರಿಸುತ್ತಿದ್ದರು.

ಆಸ್ಪತ್ರೆಯ ಮೊದಲ ದಿನ ಕೌಂಟರಿನ ಹುಡುಗಿ, "ಆಜಿ, ನಾವ್?" ಎಂದಳು.

"ನಾವು ಹರಪನಹಳ್ಳಿ ಕಡೇರವ್ವ," ಎಂದೆ.

ಮತ್ತೆ, "ನಾವ್?"

ಮರಾಠಿಯಲ್ಲಿ ನಾವ್ ಎಂದರೆ ಹೆಸರಂತೆ. ಅವಳಿಗೆ ಬೇಕಿದ್ದದ್ದು ಗಂಡನ ಹೆಸರು. ನಮ್ಮ ಕಡೆ ಹೆಂಡತಿಯಾದವಳು ಅದನ್ನು ಬಾಯಿಬಿಟ್ಟು ಹೇಳುತ್ತಾಳೆಯೇ? ನನ್ನವರೇ ಮುಂದೆ ಬಂದು ಗಡ್ಡೆಯಿಂದ ಕೆಟ್ಟ ದನಿಯಲ್ಲಿ ಹೇಳಿದರು.

ಗಡ್ಡೆಯ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ವರದಿ ಇಮೇಲಿಗೆ ಬರುತ್ತದೆ ಎಂದರು. ರೇಣುಕಾ ರೊಟ್ಟಿ ಬಡಿಯುತ್ತಲೇ ನನಗೆ ಪಾಠ ಹೇಳಿದಳು. ಬಂದ ಕಾಗದ ಕೂಡುವ ಗೂಡು ಇನ್‌ಬಾಕ್ಸ್. ಮೊರದಲ್ಲಿ ಕೇರಿದಾಗ ಹಾರುವ ಹೊಟ್ಟಿನಂಥವು ಹೋಗಿ ಬೀಳುವುದು ಸ್ಪ್ಯಾಮ್. ಅಲ್ಲೂ ಒಮ್ಮೆ ಕಣ್ಣಾಡಿಸಬೇಕು, ಕಾಳು ಬಿದ್ದಿರಬಹುದು. ಕಾಗದದ ಸೆರಗಿಗೆ ಕಟ್ಟಿದ ಗಂಟು ಅಟ್ಯಾಚ್‌ಮೆಂಟ್, ಬಿಚ್ಚಿದರೇ ಒಳಗಿನದು ತಿಳಿಯುವುದು. ಎಲ್ಲದಕ್ಕೂ ಬೀಗದ ಕೈ ಪಾಸ್‌ವರ್ಡ್.

"ಯಾರ ಮುಂದನೂ ಹೇಳದ ಮಾತು ಇಡಬೇ," ಎಂದಳು ರೇಣುಕಾ.

ಹುಡುಕಬೇಕೇ? ಜೀವಮಾನದಲ್ಲಿ ನನ್ನ ಬಾಯಿಂದ ಬರದ ಮಾತು ಒಂದೇ ಇತ್ತು. ಕೊಟ್ಟೂರು ಸಂತೆಯಲ್ಲಿ ಆ ಹೆಸರು ಕೂಗಿದರೆ ಅರ್ಧ ಸಂತೆ ತಿರುಗಿ ನೋಡೀತು, ಆದರೂ ಇಲ್ಲಿ ಬರೆಯುವುದಿಲ್ಲ. ಒತ್ತಿದ ಅಕ್ಷರವೆಲ್ಲ ಚುಕ್ಕಿಯಾಗಿ ಕಂಡಿತು. ಹೇಳಿದಂತೆಯೂ ಆಗಲಿಲ್ಲ, ಬರೆದಂತೆಯೂ ಆಗಲಿಲ್ಲ.

ವರದಿ ಬಂದ ದಿನ ರೇಣುಕಾ ಕೆಲಸದಲ್ಲಿದ್ದಳು. ಡಾಕ್ಟರ ಎದುರು ಕುಳಿತಾಗ ಮೊಬೈಲು ಮತ್ತೆ ಪಾಸ್‌ವರ್ಡ್ ಕೇಳಿತು. ಒಂದು ಅಕ್ಷರ ತಪ್ಪಾಯಿತು. ಮತ್ತೆ ಒತ್ತಿದೆ, ಮತ್ತೆ ತಪ್ಪಾಯಿತು. ಅಲ್ಲಿದ್ದ ಸೊಲ್ಲಾಪುರದ ನರ್ಸಿಗೆ ಕನ್ನಡ ಬರುತ್ತಿತ್ತು.

"ಹೇಳ್ರಿ ಅಜ್ಜಿ, ನಾ ಒತ್ತತೀನಿ."

"ಹೇಳಾಕ ಬರಂಗಿಲ್ಲವ್ವ."

"ಮರತೀರೇನು?"

"ಇಷ್ಟು ವರ್ಷ ಬಾಳೇವು ಮಾಡೀನಿ, ಹೆಂಗ ಮರೀಲಿ?"

ನರ್ಸಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನನ್ನವರಿಗೆ ತಿಳಿಯಿತು. ನನ್ನನ್ನೇ ನೋಡಿದರು.

"ಆಕಿ ಕೈಯಾಗ ಬಿಡವ್ವ, ಆಕೀನ ಒತ್ತಲಿ," ಎಂದರು.

ಒಂದೊಂದೇ ಅಕ್ಷರ ಒತ್ತಿದೆ. ತೆರೆಯಿತು. ಗಂಟು ಬಿಚ್ಚಿ ಡಾಕ್ಟರ ಕೈಗೆ ಕೊಟ್ಟೆ. ಅವರು ಓದಿ ಮರಾಠಿಯಲ್ಲಿ ಎರಡು ಮಾತು ಹೇಳಿದರು. ಅದನ್ನು ಕನ್ನಡ ಮಾಡಲು ನರ್ಸಿಗೆ ಬಹಳ ಹೊತ್ತು ಹಿಡಿಯಿತು. ಕ್ಯಾನ್ಸರ್ ಎದೆಗೂ ಹಬ್ಬಿದೆ, ಇನ್ನು ಔಷಧ ನೋವಿಗೆ ಮಾತ್ರ.

ಹೊರಗೆ ಬೆಂಚಿನ ಮೇಲೆ ಕುಳಿತೆವು. ನೋವಿನ ಔಷಧ ಇಲ್ಲಿದೆ, ಹೊಳೆ ಅಲ್ಲಿದೆ. ಮಗಳು ಇಲ್ಲಿದ್ದಾಳೆ, ಹೆಗಲು ಕೊಡುವ ನಾಲ್ಕು ಜನ ಅಲ್ಲಿದ್ದಾರೆ.

"ಊರಿಗಿ ಹೋಗೂಣೇನ್ರಿ?" ಎಂದೆ.

"ನಾ ಹೋದ್ರ ಅಲ್ಲೇ ಉಳಿಯಾಂವ. ನೀ ಮತ್ತ ಇಲ್ಲಿಗಿ ಬರಾಕಿ."

ಮೊಬೈಲು ತೋರಿಸಿ, "ನೀವು ಎಲ್ಲಿ ಉಳದ್ರೂ ಬೀಗದ ಕೈ ನನ್ನ ಹತ್ರ ಐತಿ," ಎಂದೆ.

"ಬೆರಳೀಲೆ ಒತ್ತಿದ್ದು ಸಾಕು ಬಿಡಲೇ," ಎಂದರು. "ಗಂಟಲು ಹೋಗೈತಿ, ಕಿವಿ ಇನ್ನಾ ಅದಾವ. ಒಂದ್ಸಲ ಬಾಯೀಲೆ ಕರಿ."